ಬಂದಿಯನ್ನು ತಂದೊಪ್ಪಿಸುವ ಆಜ್ಞೆ: ಗ್ವಾಂಟಾನಾಮೊ ಸೆರೆಮನೆಯ ದೃಷ್ಟಾಂತ

ಬಂದಿ, ಆರೋಪಿ, ಅಪರಾಧಿ ಎಂಬ ಮೂರು ಶಬ್ದಗಳನ್ನು ನಾವು ದಿನವೂ ಬಳಸುತ್ತೇವೆ; ಬಳಸುವಾಗ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವುದೂ ಉಂಟು. ಬಂದಿಯೆಂದರೆ ಹಿಡಿದಿಡಲ್ಪಟ್ಟವನು, ಅವನ ಮೇಲೆ ತಪ್ಪೊಂದನ್ನು ಹೊರಿಸಿರಲೇಬೇಕೆಂಬುದಿಲ್ಲ. ಇಂಥ ಕಾಲದಲ್ಲಿ ಇಂಥ ತಪ್ಪನ್ನು ಮಾಡಿದನೆಂದು ಹೊರಿಸಲ್ಪಟ್ಟವನು ಆರೋಪಿ. ವ್ಯಾಕರಣವನ್ನು ಕೇಳಿದರೆ ಆರೋಪಿಯೆಂಬವನು ಆರೋಪವನ್ನು ಮಾಡುವವನೇ ಆಗಬೇಕು, ಆರೋಪಿತನೆಂಬುದೇ ಸಾಧುರೂಪ. ಆದರೆ ರೂಢಿಯು ಶಾಸ್ತ್ರಕ್ಕಿಂತ ಬಲವಾದುದು. ಆ ತಪ್ಪು ಅವನದೇ ಎಂದು ನ್ಯಾಯಸ್ಥಾನದಲ್ಲಿ ಸ್ಥಾಪಿತವಾದ ಮೇಲೆ ಮಾತ್ರ ಅವನು ಅಪರಾಧಿ. ಎರಡನೆಯ ಶಬ್ದದಿಂದ ಮೂರನೆಯದಕ್ಕೆ ಹೋಗುವ ದಾರಿಯ ಹೆಸರು ವಿಚಾರಣೆ. ‘ಶಂಕಿತ ಭಯೋತ್ಪಾದಕ’ನೆಂದು ಆರಂಭವಾಗುವ ವರದಿಯಲ್ಲಿ ಎರಡು ವಾಕ್ಯ ಕಳೆಯುವಷ್ಟರಲ್ಲಿ ವಿಶೇಷಣವು ಉದುರಿಹೋಗಿ ವಿಶೇಷ್ಯವೊಂದೇ ಉಳಿಯುವುದನ್ನು ಗಮನಿಸಿದವರಿಗೆ, ಆ ದಾರಿಯನ್ನು ನಡೆಯದೆಯೇ ದಾಟಿಬಿಡುವುದು ಎಷ್ಟು ಸುಲಭವೆಂಬುದು ತಿಳಿದೇ ಇರುವುದು. ಮಾತಿನಲ್ಲಿ ಹೀಗಾದರೆ ಅದು ಲೇಖಕನ ಅಜಾಗರೂಕತೆ. ರಾಜ್ಯವೊಂದು ಬೇಕೆಂದೇ ಹೀಗೆ ಮಾಡಿದಾಗ ಏನಾಗುವುದೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನವು ಗ್ವಾಂಟಾನಾಮೊ ಕೊಲ್ಲಿಯಲ್ಲಿ 2002ರಲ್ಲಿ ತೆರೆದ ಸೆರೆಮನೆಯ ಕಥೆಯು ದೃಷ್ಟಾಂತ.

ಈ ಕಥೆಯು ಹೇಬಿಯಸ್ ಕಾರ್ಪಸ್ ಎಂಬ ಆಜ್ಞಾಪತ್ರದ ಸುತ್ತ ನಡೆದುದು. ಈ ಲ್ಯಾಟಿನ್ ಮಾತಿನ ಅರ್ಥ ‘ನೀನು ದೇಹವನ್ನು ತರತಕ್ಕದ್ದು’ ಎಂದು. ಆಜ್ಞೆಯು ಬಂದಿಗಲ್ಲ, ಅವನನ್ನು ಹಿಡಿದಿಟ್ಟುಕೊಂಡಿರುವವನಿಗೆ. ಬಂದಿಯನ್ನು ನ್ಯಾಯಾಧಿಪತಿಯ ಮುಂದೆ ತಂದು ನಿಲ್ಲಿಸಿ, ಯಾವ ಅಧಿಕಾರದಿಂದ ಇವನನ್ನು ಸೆರೆಯಲ್ಲಿಟ್ಟಿರುವೆಯೆಂದು ತಿಳಿಸು, ಎಂಬುದಿಷ್ಟೇ ಅದರ ತಾತ್ಪರ್ಯ. ಬಂದಿಯು ಒಳ್ಳೆಯವನೇ, ಕೆಟ್ಟವನೇ, ಕೊಲೆಗಾರನೇ ಎಂಬುದನ್ನು ಅದು ಕೇಳುವುದಿಲ್ಲ. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಏಕೆಂದರೆ ಈ ಆಜ್ಞೆಯನ್ನು ಬೇಡುವವರ ಪರವಾಗಿ ಮಾತಾಡಿದವರನ್ನು ಭಯೋತ್ಪಾದಕರ ಪಕ್ಷಪಾತಿಗಳೆಂದು ನಿಂದಿಸಿದವರೆಲ್ಲರೂ ತಪ್ಪಿದುದು ಇಲ್ಲಿಯೇ.

ಇಂಗ್ಲೆಂಡಿನಲ್ಲಿ ಈ ಆಜ್ಞೆಯು ಬಲಗೊಂಡುದು ಒಮ್ಮೆಗೇ ಅಲ್ಲ. 1627ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯು ಬಲವಂತದ ಸಾಲವನ್ನು ಕೊಡಲೊಪ್ಪದ ಐವರು ಗಣ್ಯರನ್ನು ಸೆರೆಯಲ್ಲಿರಿಸಿದಾಗ, ಯಾವ ಕಾರಣದಿಂದ ಎಂಬ ಪ್ರಶ್ನೆಗೆ ಸೆರೆಯ ಅಧಿಕಾರಿ ಕೊಟ್ಟ ಉತ್ತರ ‘ದೊರೆಯ ವಿಶೇಷಾಜ್ಞೆಯಿಂದ’ ಎಂಬುದಾಗಿತ್ತು. ನ್ಯಾಯಸ್ಥಾನವು ಅವರನ್ನು ಬಿಡುಗಡೆ ಮಾಡಲಿಲ್ಲ. ಮರುವರ್ಷವೇ ಪಾರ್ಲಿಮೆಂಟು ತನ್ನ ಹಕ್ಕುಗಳ ವಿಜ್ಞಾಪನೆಯಲ್ಲಿ ಇಂಥ ಉತ್ತರವು ಸಲ್ಲದೆಂದು ಸಾರಿತು. ಆಗ ಅಧಿಕಾರವು ಇನ್ನೊಂದು ಉಪಾಯವನ್ನು ಕಂಡುಕೊಂಡಿತು. ಆಜ್ಞೆಗೆ ಉತ್ತರ ಹೇಳುವುದು ಕಷ್ಟವಾದರೆ ಆಜ್ಞೆಯು ತಲುಪದಲ್ಲಿಗೆ ಬಂದಿಯನ್ನು ಒಯ್ದರಾಯಿತಲ್ಲ! ಎರಡನೆಯ ಚಾರ್ಲ್ಸನ ಮಂತ್ರಿ ಕ್ಲಾರೆಂಡನ್ನನ ಮೇಲೆ 1667ರಲ್ಲಿ ಹೊರಿಸಿದ ದೋಷಗಳಲ್ಲಿ, ಜನರನ್ನು ದೂರದ ದ್ವೀಪಗಳಿಗೂ ಕೋಟೆಗಳಿಗೂ ಸಾಗಿಸಿ ಕಾನೂನಿನ ನೆರವು ದೊರೆಯದಂತೆ ಮಾಡಿದನೆಂಬುದೂ ಒಂದು. ಆದಕಾರಣವೇ 1679ರ ಹೇಬಿಯಸ್ ಕಾರ್ಪಸ್ ಶಾಸನದಲ್ಲಿ ರಾಜ್ಯದ ನಿವಾಸಿಯಾದ ಪ್ರಜೆಯನ್ನು ಸ್ಕಾಟ್ಲೆಂಡ್, ಐರ್ಲೆಂಡ್, ಜರ್ಸಿ, ಗರ್ನ್ಸಿ, ಟ್ಯಾಂಜಿಯರ್ ಮುಂತಾದ ಸಮುದ್ರದಾಚೆಯ ಸ್ಥಳಗಳಿಗೆ ಬಂದಿಯಾಗಿ ಕಳುಹಿಸಕೂಡದೆಂದು ಸ್ಪಷ್ಟವಾಗಿ ವಿಧಿಸಲಾಯಿತು. ಹೆಸರುಹೆಸರಾಗಿ ದ್ವೀಪಗಳನ್ನು ಎಣಿಸುವ ಈ ವಿಧಿಯನ್ನು ಓದುವಾಗ, ಶಾಸನಕಾರರು ಸೆರೆಯ ಕಾರಣದಷ್ಟೇ ಸೆರೆಯ ಸ್ಥಳಕ್ಕೂ ಅಂಜಿದ್ದರೆಂಬುದು ಕಾಣುತ್ತದೆ. ಅಲ್ಲಿಯ ರಕ್ಷಣೆಯು ಪ್ರಜೆಗೆ ಮಾತ್ರ. ಪರದೇಶೀಯನ ಮಾತನ್ನು ಶಾಸನವು ಎತ್ತಲಿಲ್ಲ. ಆದರೂ 1772ರಲ್ಲಿ ಥೇಮ್ಸ್ ನದಿಯ ಹಡಗೊಂದರಲ್ಲಿ ಸಂಕೋಲೆಗೊಳಗಾಗಿದ್ದ ಸಾಮರ್‌ಸೆಟ್ ಎಂಬ ಆಫ್ರಿಕಾದ ದಾಸನಿಗೆ ಲಾರ್ಡ್ ಮ್ಯಾನ್ಸ್‌ಫೀಲ್ಡನು ಬಿಡುಗಡೆ ಕೊಟ್ಟುದು ಇದೇ ಆಜ್ಞೆಯ ಮೂಲಕ.

ಅಮೆರಿಕಾದ 1787ರ ಸಂವಿಧಾನವು ಈ ಆಜ್ಞೆಯನ್ನು, ದಂಗೆಯಾಗಲಿ ಆಕ್ರಮಣವಾಗಲಿ ಉಂಟಾಗಿ ಲೋಕಕ್ಷೇಮಕ್ಕೆ ಅವಶ್ಯವಾದಾಗ ಹೊರತು, ತಡೆಹಿಡಿಯಕೂಡದೆಂದು ಹೇಳುತ್ತದೆ. ಅಂತರ್ಯುದ್ಧವು ಮುಗಿದ ಮೇಲೆ 1866ರಲ್ಲಿ ಮಿಲಿಗನ್ ಎಂಬವನ ಮೊಕದ್ದಮೆಯಲ್ಲಿ, ಸಾಮಾನ್ಯ ನ್ಯಾಯಸ್ಥಾನಗಳು ತೆರೆದಿರುವಲ್ಲಿ ಸಾಮಾನ್ಯ ಪ್ರಜೆಯನ್ನು ಸೈನಿಕ ನ್ಯಾಯಮಂಡಲಿಯು ವಿಚಾರಿಸಲಾಗದೆಂದು ಶ್ರೇಷ್ಠ ನ್ಯಾಯಸ್ಥಾನವು ತೀರ್ಮಾನಿಸಿತು. ಆದರೆ 1950ರಲ್ಲಿ, ಚೀನಾದಲ್ಲಿ ಸೈನಿಕ ಮಂಡಲಿಯಿಂದ ಶಿಕ್ಷಿತರಾಗಿ ಜರ್ಮನಿಯ ಲ್ಯಾಂಡ್ಸ್‌ಬರ್ಗಿನಲ್ಲಿ ಸೆರೆಯಲ್ಲಿದ್ದ 21 ಮಂದಿ ಜರ್ಮನರು ಬೇಡಿದಾಗ, ಅಮೆರಿಕಾದ ನೆಲವನ್ನು ಎಂದೂ ಮೆಟ್ಟದ ಶತ್ರುಗಳಿಗೆ ಈ ಆಜ್ಞೆಯು ದೊರೆಯದೆಂದು ಅದೇ ನ್ಯಾಯಸ್ಥಾನವು ಹೇಳಿತು. ಅರ್ಧ ಶತಮಾನದ ಮೇಲೆ ಸರ್ಕಾರದ ನ್ಯಾಯಸಲಹೆಗಾರರು ಆಧಾರವಾಗಿ ಹಿಡಿದುದು ಈ ತೀರ್ಪನ್ನೇ.

2001ರ ಸೆಪ್ಟೆಂಬರ್ 11ರಂದು ಸುಮಾರು 3,000 ಮಂದಿ ನಿರಪರಾಧಿಗಳು ನ್ಯೂಯಾರ್ಕ್, ವಾಷಿಂಗ್ಟನ್, ಪೆನ್ಸಿಲ್ವೇನಿಯಾಗಳಲ್ಲಿ ಸತ್ತರು. ಆ ದುಃಖದ ಪರಿಮಾಣವನ್ನು ಮರೆತು ಮುಂದಿನ ಸಂಗತಿಗಳನ್ನು ವಿಚಾರಿಸುವುದು ನ್ಯಾಯವಲ್ಲ. ಆಫ್ಘಾನಿಸ್ತಾನದ ಯುದ್ಧದಲ್ಲಿಯೂ ಇತರ ದೇಶಗಳಲ್ಲಿಯೂ ಹಿಡಿದವರನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಬಂದಾಗ ಕ್ಯೂಬಾದ್ವೀಪದ ಗ್ವಾಂಟಾನಾಮೊ ನೌಕಾನೆಲೆಯನ್ನು ಆರಿಸಿದರು. 2002ರ ಜನವರಿ 11ರಂದು ಮೊದಲ 20 ಮಂದಿ ಅಲ್ಲಿಗೆ ಬಂದಿಳಿದರು. ಒಟ್ಟು ಬಂದವರು ಸುಮಾರು 780 ಮಂದಿ. ಸುಮಾರು 45 ಚದರ ಮೈಲಿಯ ಈ ನೆಲವನ್ನು ಅಮೆರಿಕಾ 1903ರಲ್ಲಿ ಗೇಣಿಗೆ ಪಡೆಯಿತು. ಪತ್ರದ ಪ್ರಕಾರ ಅಂತಿಮ ಸಾರ್ವಭೌಮತ್ವವು ಕ್ಯೂಬಾದ್ದು, ಪೂರ್ಣವಾದ ಆಡಳಿತಾಧಿಕಾರವು ಅಮೆರಿಕಾದ್ದು. 1934ರ ಒಪ್ಪಂದದಂತೆ ಅಮೆರಿಕಾ ತಾನಾಗಿ ಬಿಟ್ಟುಹೋಗದೆ, ಇಲ್ಲವೆ ಉಭಯರೂ ಒಪ್ಪದೆ, ಗೇಣಿಯು ಮುಗಿಯುವುದೂ ಇಲ್ಲ. ವರ್ಷಕ್ಕೆ 4,085 ಡಾಲರಿನ ಗೇಣಿ! ಒಡೆತನ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂಬ ಈ ಸಂದಿಯಲ್ಲಿ ಯಾವ ನ್ಯಾಯಾಧಿಪತಿಯ ಆಜ್ಞೆಯೂ ಇಳಿಯಲಾರದೆಂಬುದೇ ಆಯ್ಕೆಯ ಮರ್ಮ. ಮೊದಲ ಬಂದಿಗಳು ಬರುವುದಕ್ಕೆ ಎರಡು ವಾರ ಮುಂಚೆ, 2001ರ ಡಿಸೆಂಬರ್ 28ರಂದು, ಸರ್ಕಾರದ ನ್ಯಾಯಸಲಹೆಗಾರರು ಬರೆದ ಟಿಪ್ಪಣಿಯೊಂದು ಇದೇ ಪ್ರಶ್ನೆಯನ್ನು ಚರ್ಚಿಸುತ್ತದೆ. 1679ರ ಶಾಸನವು ಹೆಸರಿಟ್ಟು ನಿಷೇಧಿಸಿದ್ದ ಹಳೆಯ ಉಪಾಯವು ಹೊಸ ದ್ವೀಪವನ್ನು ಕಂಡುಕೊಂಡಿತು.

ಸ್ಥಳದಂತೆ ಶಬ್ದವೂ ಒಂದು ಬೇಕಾಯಿತು. ಇವರನ್ನು ಯುದ್ಧಬಂದಿಗಳೆಂದರೆ 1949ರ ಜಿನೀವಾ ಒಪ್ಪಂದದ ಹಕ್ಕುಗಳು ಬರುತ್ತವೆ. ಆರೋಪಿಗಳೆಂದರೆ ವಕೀಲನೂ ಸಾಕ್ಷ್ಯವೂ ವಿಚಾರಣೆಯೂ ಬರುತ್ತವೆ. ಎರಡೂ ಅಲ್ಲದ ‘ಶತ್ರುಯೋಧ’ನೆಂಬ ಹೆಸರನ್ನು ಇಟ್ಟರು. ಶಬ್ದವು ಹೊಸದಲ್ಲ, 1942ರಲ್ಲಿ ಎಂಟು ಮಂದಿ ಜರ್ಮನ್ ವಿಧ್ವಂಸಕರ ಮೊಕದ್ದಮೆಯಲ್ಲಿ ಅದು ಬಂದಿತ್ತು. ಆದರೆ ಆ ಎಂಟು ಮಂದಿಯನ್ನು ಸೈನಿಕ ಮಂಡಲಿಯಾದರೂ ವಿಚಾರಿಸಿತ್ತು. ಯಾವುದು ಸಂಶಯವಿದ್ದರೂ ಬಂದಿಯ ಸ್ಥಿತಿಯನ್ನು ಯೋಗ್ಯ ಮಂಡಲಿಯೊಂದು ನಿರ್ಣಯಿಸಬೇಕೆಂದು ಜಿನೀವಾ ಒಪ್ಪಂದದ 5ನೆಯ ವಿಧಿ ಹೇಳುತ್ತದೆ. ಇಲ್ಲಿ ಮೊದಲ ಎರಡು ವರ್ಷಗಳಿಗೂ ಮಿಕ್ಕಿ ಅಂಥ ನಿರ್ಣಯವೇ ನಡೆಯಲಿಲ್ಲ.

ಸರ್ಕಾರದ ಪಕ್ಷದ ವಾದವನ್ನೂ ಇಲ್ಲಿ ಹೇಳಬೇಕು. ರಣರಂಗದಲ್ಲಿ ಸೈನಿಕನು ಪೋಲೀಸಿನವನಂತೆ ಸಾಕ್ಷ್ಯವನ್ನು ಸಂಗ್ರಹಿಸಲಾರನು. ಗೂಢಚಾರರ ಹೆಸರನ್ನು ಬಹಿರಂಗಪಡಿಸಿದರೆ ಅವರ ಪ್ರಾಣವೇ ಹೋದೀತು. ತಪ್ಪಾಗಿ ಬಿಟ್ಟ ಒಬ್ಬನು ಮತ್ತೆ ನೂರು ಮಂದಿಯನ್ನು ಕೊಂದಾನು. ಇವು ತಳ್ಳಿಹಾಕುವ ಮಾತುಗಳಲ್ಲ. ಆದರೆ ಹಿಡಿದವನು ಯೋಧನೇ ಹೌದೆಂಬುದು ನಿಶ್ಚಯವಾದ ಮೇಲೆ ಈ ವಾದಕ್ಕೆ ಬಲ. ಅವನು ಯೋಧನೋ, ಹಣದಾಸೆಗೆ ಯಾರೋ ಹಿಡಿದುಕೊಟ್ಟ ದಾರಿಹೋಕನೋ ಎಂಬುದೇ ಪ್ರಶ್ನೆಯಾಗಿರುವಾಗ ವಾದವು ಸಾಧಿಸಬೇಕಾದುದನ್ನೇ ಸಿದ್ಧವೆಂದು ಹಿಡಿಯುತ್ತದೆ. ಬಂದಿಗಳಲ್ಲಿ ಅನೇಕರು ಅಮೆರಿಕಾದ ಸೈನಿಕರ ಕೈಗೆ ನೇರವಾಗಿ ಸಿಕ್ಕವರಲ್ಲ, ಬಹುಮಾನಗಳನ್ನು ಸಾರಿದ್ದ ಕಾಲದಲ್ಲಿ ಇತರರು ಒಪ್ಪಿಸಿದವರು.

2004ರ ಜೂನ್ 28ರಂದು ಶ್ರೇಷ್ಠ ನ್ಯಾಯಸ್ಥಾನವು ರಸೂಲ್ ಮೊಕದ್ದಮೆಯಲ್ಲಿ, ಗ್ವಾಂಟಾನಾಮೊ ಬಂದಿಗಳ ಅರ್ಜಿಯನ್ನು ಕೇಳುವ ಅಧಿಕಾರವು ನ್ಯಾಯಸ್ಥಾನಗಳಿಗೆ ಉಂಟೆಂದು ಹೇಳಿತು. ಅದೇ ದಿನ ಹಮ್ದಿಯೆಂಬ ಅಮೆರಿಕಾ ಪ್ರಜೆಯ ವಿಷಯದಲ್ಲಿ, ತನ್ನನ್ನು ಶತ್ರುಯೋಧನೆಂದು ಏಕೆ ಕರೆದರೆಂದು ತಿಳಿದು ತಟಸ್ಥನಾದ ನಿರ್ಣಾಯಕನ ಮುಂದೆ ಅದನ್ನು ಅಲ್ಲಗಳೆಯುವ ಅವಕಾಶ ಅವನಿಗೆ ಸಲ್ಲಬೇಕೆಂದೂ ತೀರ್ಪಾಯಿತು. ಸರ್ಕಾರವು ಮರುತಿಂಗಳೇ ಸೈನ್ಯಾಧಿಕಾರಿಗಳ ಪರಿಶೀಲನಾ ಮಂಡಲಿಗಳನ್ನು ಏರ್ಪಡಿಸಿತು. ಬಂದಿಗೆ ವಕೀಲನಿಲ್ಲ, ಗುಪ್ತಸಾಕ್ಷ್ಯವನ್ನು ನೋಡುವ ಹಕ್ಕಿಲ್ಲ, ಸರ್ಕಾರದ ಸಾಕ್ಷ್ಯವು ನಿಜವೆಂದೇ ಮೊದಲ ಊಹೆ. 558 ಮಂದಿಯಲ್ಲಿ 38 ಮಂದಿ ಮಾತ್ರ ಶತ್ರುಯೋಧರಲ್ಲವೆಂದು ತೀರ್ಮಾನವಾಯಿತು. ಈ ಮಂಡಲಿಗಳ ಪರಿಯನ್ನು ತಿಳಿಯಲು ನ್ಯಾಯಸ್ಥಾನದ ದಾಖಲೆಗೆ ಸೇರಿರುವ ಒಂದು ಪ್ರಸಂಗ ಸಾಕು. ಬಾಸ್ನಿಯಾದಲ್ಲಿದ್ದಾಗ ಅಲ್ ಖೈದಾದ ಒಬ್ಬನೊಡನೆ ಒಡನಾಡಿದನೆಂದು ಒಬ್ಬ ಬಂದಿಯ ಮೇಲೆ ದೋಷವನ್ನು ಓದಿದರು. ಆ ಒಬ್ಬನ ಹೆಸರೇನೆಂದು ಬಂದಿಯು ಕೇಳಿದನು. ತನಗೆ ತಿಳಿಯದೆಂದು ಅಧ್ಯಕ್ಷನು ಉತ್ತರಿಸಿದನು. ಹೆಸರನ್ನು ಹೇಳಿದರೆ ಅವನನ್ನು ಬಲ್ಲೆನೋ ಇಲ್ಲವೋ, ಅವನು ಗೆಳೆಯನೋ ಅಲ್ಲವೋ ಎಂದು ಹೇಳಬಹುದು, ಹೆಸರೇ ಇಲ್ಲದವನ ವಿಷಯವಾಗಿ ಏನು ಹೇಳಲಿ, ಎಂದು ಬಂದಿಯು ವಿವರಿಸಿದನು. ಕೊಠಡಿಯಲ್ಲಿ ಎಲ್ಲರೂ ನಕ್ಕರೆಂದು ದಾಖಲೆಯಿದೆ. ಬಂದಿಯ ಬಂಧನವು ಮುಂದುವರಿಯಿತು.

ಈ ಬಂದಿಯು ಆರು ಮಂದಿ ಆಲ್ಜೀರಿಯಾ ಮೂಲದವರಲ್ಲಿ ಒಬ್ಬ. ಸರಾಯೇವೋದ ಅಮೆರಿಕಾ ರಾಯಭಾರ ಕಚೇರಿಯನ್ನು ಸ್ಫೋಟಿಸಲು ಸಂಚು ಹೂಡಿದರೆಂದು 2001ರ ಅಕ್ಟೋಬರಿನಲ್ಲಿ ಇವರನ್ನು ಬಾಸ್ನಿಯಾದಲ್ಲಿ ಹಿಡಿದರು. ಸಾಕ್ಷ್ಯವಿಲ್ಲವೆಂದು 2002ರ ಜನವರಿ 17ರಂದು ಅಲ್ಲಿಯ ಶ್ರೇಷ್ಠ ನ್ಯಾಯಸ್ಥಾನದಿಂದ ಬಿಡುಗಡೆಯ ಆಜ್ಞೆಯಾಯಿತು. ಆದರೆ ಸೆರೆಯಿಂದ ಹೊರಬರುತ್ತಿದ್ದ ಅವರನ್ನು ಅಮೆರಿಕಾದವರಿಗೆ ಒಪ್ಪಿಸಿಬಿಟ್ಟರು. ಮೂರು ದಿನಗಳಲ್ಲಿ ಗ್ವಾಂಟಾನಾಮೊ! ಅವರಲ್ಲಿ ಬೂಮೆದಿಯೆನ್ ಎಂಬವನ ಹೆಸರಿನಲ್ಲಿ ಅರ್ಜಿಯು ನಡೆಯಿತು. ರಸೂಲ್ ತೀರ್ಪು ನಿಂತಿದ್ದುದು ಸಂವಿಧಾನದ ಮೇಲಲ್ಲ, ಸಾಮಾನ್ಯ ಶಾಸನವೊಂದರ ಮೇಲೆ. ಶಾಸನವನ್ನು ತಿದ್ದಿದರೆ ತೀರ್ಪಿನ ಬುಡವೇ ಜಾರುವುದು. ಅಮೆರಿಕಾದ ಕಾಂಗ್ರೆಸ್ ಸಭೆಯು 2005ರ ಡಿಸೆಂಬರಿನಲ್ಲಿ ಹಾಗೆಯೇ ಮಾಡಿತು. 2006ರ ಜೂನಿನಲ್ಲಿ ಹಮ್ದಾನ್ ಮೊಕದ್ದಮೆಯಲ್ಲಿ, ಅಧ್ಯಕ್ಷನು ಸ್ಥಾಪಿಸಿದ್ದ ಸೈನಿಕ ನ್ಯಾಯಮಂಡಲಿಗಳು ಜಿನೀವಾ ಒಪ್ಪಂದಗಳ 3ನೆಯ ವಿಧಿಗೆ ವಿರುದ್ಧವೆಂದು ತೀರ್ಪು ಬರಲು, ಅಕ್ಟೋಬರಿನಲ್ಲಿ ಇನ್ನೊಂದು ಶಾಸನದಿಂದ ಆ ಮಂಡಲಿಗಳನ್ನು ಮತ್ತೆ ಕಟ್ಟಿ ಬಂದಿಗಳ ಅರ್ಜಿಗಳನ್ನು ಪೂರ್ತಿಯಾಗಿ ನಿಷೇಧಿಸಿದರು.

ಹೀಗಾಗಿ ಉಳಿದುದು ಸಂವಿಧಾನವೊಂದೇ. 2008ರ ಜೂನ್ 12ರಂದು ಐವರು ನ್ಯಾಯಾಧಿಪತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಬಂದಿತು. ಬಹುಮತವನ್ನು ಬರೆದ ಕೆನಡಿಯವರು, ಕಾಗದದ ಮೇಲಣ ಸಾರ್ವಭೌಮತ್ವವನ್ನಲ್ಲ, ನಿಜವಾದ ಅಧಿಕಾರವು ಯಾರ ಕೈಯಲ್ಲಿದೆಯೆಂಬುದನ್ನು ನೋಡಬೇಕೆಂದರು. ನೆಲವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಂತೆ ಬರೆದು ತಾನೇ ಆಳುತ್ತ, ಸಂವಿಧಾನವನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸುವ ಶಕ್ತಿಯು ಸರ್ಕಾರಕ್ಕೆ ಇಲ್ಲವೆಂಬುದು ಅವರ ವಾದದ ತಿರುಳು. ಭಿನ್ನಮತ ಬರೆದ ಸ್ಕೇಲಿಯಾ ಅವರು ಈ ತೀರ್ಪಿನಿಂದ ಇನ್ನೂ ಹೆಚ್ಚು ಅಮೆರಿಕನರು ಸಾಯುವರೆಂದು ಎಚ್ಚರಿಸಿದರು. ಆದರೆ ತೀರ್ಪು ಯಾರನ್ನೂ ಬಿಡುಗಡೆ ಮಾಡಲಿಲ್ಲ. ಪ್ರಶ್ನೆ ಕೇಳುವ ಅಧಿಕಾರವನ್ನಷ್ಟೇ ಕೊಟ್ಟಿತು. ಆ ಪ್ರಶ್ನೆಯನ್ನು ಕೇಳಿದವರು ರಿಚರ್ಡ್ ಲಿಯಾನ್ ಎಂಬ ಜಿಲ್ಲಾ ನ್ಯಾಯಾಧಿಪತಿ. ಇದೇ ಆರು ಮಂದಿಯ ಅರ್ಜಿಯನ್ನು 2005ರಲ್ಲಿ ತಳ್ಳಿಹಾಕಿದ್ದವರು ಅವರೇ. ಅಷ್ಟರಲ್ಲಿ ರಾಯಭಾರ ಕಚೇರಿಯ ಸಂಚಿನ ಆರೋಪವನ್ನು ಸರ್ಕಾರವೇ ಕೈಬಿಟ್ಟಿತ್ತು. ಆಫ್ಘಾನಿಸ್ತಾನಕ್ಕೆ ಹೋರಾಡಲು ಹೊರಟಿದ್ದರೆಂಬ ಹೊಸ ಆರೋಪಕ್ಕೆ ಆಧಾರ ಹೆಸರಿಲ್ಲದ ಒಬ್ಬ ವರ್ತಮಾನಗಾರನ ಮಾತು. ನವೆಂಬರ್ 20ರಂದು ಆರರಲ್ಲಿ ಐವರನ್ನು ಬಿಡಬೇಕೆಂದು ಅವರು ಆಜ್ಞೆ ಮಾಡಿದರು. ಬೂಮೆದಿಯೆನ್ 2009ರ ಮೇ ತಿಂಗಳಲ್ಲಿ ಫ್ರಾನ್ಸನ್ನು ಸೇರಿದನು. ಪ್ರಶ್ನೆಯನ್ನು ಕೇಳಿದ ಮೇಲೆ ಉತ್ತರಕ್ಕೆ ಹಿಡಿದುದು ಐದು ತಿಂಗಳು. ಕೇಳಬಹುದೇ ಎಂದು ನಿರ್ಣಯಿಸುವುದಕ್ಕೆ ಹಿಡಿದುದು ಆರು ವರ್ಷಕ್ಕೂ ಮಿಕ್ಕಿ.

ಈ ಜಯವನ್ನು ಅತಿಯಾಗಿ ಹೊಗಳಲೂ ಬಾರದು. ಚೀನಾದ ಉಯ್ಘುರ್ ಜನಾಂಗದ 17 ಮಂದಿಯನ್ನು ಬಿಡಬೇಕೆಂದು 2008ರ ಅಕ್ಟೋಬರಿನಲ್ಲಿ ಆಜ್ಞೆಯಾದರೂ, ಅವರನ್ನು ಅಮೆರಿಕಾದೊಳಕ್ಕೆ ಸೇರಿಸುವ ಅಧಿಕಾರವು ನ್ಯಾಯಾಧಿಪತಿಗೆ ಇಲ್ಲವೆಂದು ಮೇಲಿನ ನ್ಯಾಯಸ್ಥಾನವು ಹೇಳಿತು; ಕೊನೆಯವರು ಹೊರಟುದು 2013ರ ಡಿಸೆಂಬರಿನಲ್ಲಿ. ಆರೋಪಿಗಳಾದವರ ವಿಚಾರಣೆಯ ಗತಿ ಇನ್ನೂ ವಿಚಿತ್ರವಾದುದು. ಸೆಪ್ಟೆಂಬರ್ 11ರ ಸಂಚಿನ ಮುಖ್ಯ ಸೂತ್ರಧಾರನೆಂದು ಹೊರಿಸಲ್ಪಟ್ಟ ಖಾಲಿದ್ ಶೇಖ್ ಮೊಹಮ್ಮದನನ್ನು 2003ರ ಮಾರ್ಚಿಯಲ್ಲಿ ಹಿಡಿದರು. ಗುಪ್ತಸೆರೆಯಲ್ಲಿ 183 ಬಾರಿ ಮುಖಕ್ಕೆ ನೀರೆರೆದು ಉಸಿರುಕಟ್ಟಿಸುವ ಹಿಂಸೆಗೆ ಗುರಿಮಾಡಿದರು. ಹಿಂಸೆಯಿಂದ ಹೊರಟ ಮಾತು ಸಾಕ್ಷ್ಯವಾಗುವುದೇ ಎಂಬ ಜಗಳದಲ್ಲಿಯೇ ಸೈನಿಕ ಮಂಡಲಿಯು ವರ್ಷಗಳನ್ನು ಕಳೆಯಿತು. ತಪ್ಪೊಪ್ಪಿಗೆಯ ಒಡಂಬಡಿಕೆಯೊಂದು 2024ರ ಜುಲೈಯಲ್ಲಿ ಆಗಿ, ಎರಡೇ ದಿನಗಳಲ್ಲಿ ರಕ್ಷಣಾಮಂತ್ರಿಯಿಂದ ಹಿಂತೆಗೆಯಲ್ಪಟ್ಟು, 2025ರ ಜುಲೈಯಲ್ಲಿ ಮೇಲಿನ ನ್ಯಾಯಸ್ಥಾನದಿಂದಲೂ ರದ್ದಾಯಿತು. ಸತ್ತವರ ಬಂಧುಗಳಿಗೂ ಇಲ್ಲಿ ನ್ಯಾಯವು ದೊರೆಯಲಿಲ್ಲವೆಂಬುದನ್ನು ಮರೆಯಕೂಡದು. ಇದಕ್ಕೆದುರಾಗಿ, ಗ್ವಾಂಟಾನಾಮೊದಿಂದ ನ್ಯೂಯಾರ್ಕಿನ ಸಾಮಾನ್ಯ ನ್ಯಾಯಸ್ಥಾನಕ್ಕೆ ತಂದ ಘೈಲಾನಿಯೆಂಬವನ ವಿಚಾರಣೆಯು 2010ರಲ್ಲಿ ಕೆಲವೇ ವಾರಗಳಲ್ಲಿ ಮುಗಿಯಿತು. ಪಂಚಾಯಿತರು 280ಕ್ಕೂ ಹೆಚ್ಚು ಆರೋಪಗಳಿಂದ ಅವನನ್ನು ಬಿಟ್ಟು, ಒಂದರಲ್ಲಿ ಮಾತ್ರ ಅಪರಾಧಿಯೆಂದರು. ಆ ಒಂದಕ್ಕೆ ಜೀವಾವಧಿ ಸೆರೆಯಾಯಿತು.

ನಮ್ಮ ದೇಶವು ಈ ವಿಷಯದಲ್ಲಿ ಕೇವಲ ಪ್ರೇಕ್ಷಕನಲ್ಲ. 1818ರ ಬಂಗಾಳದ ಮೂರನೆಯ ರೆಗ್ಯುಲೇಷನ್ನಿನ ಬಲದಿಂದ ಲಾಲಾ ಲಜಪತರಾಯರನ್ನು 1907ರಲ್ಲಿ ವಿಚಾರಣೆಯಿಲ್ಲದೆ ಸಮುದ್ರದಾಚೆಯ ಮಂಡಾಲೆಗೆ ಒಯ್ದುದನ್ನು ಓದುಗರು ಬಲ್ಲರು. ಸ್ವತಂತ್ರ ಭಾರತದಲ್ಲಿ 1975ರ ತುರ್ತು ಪರಿಸ್ಥಿತಿಯಲ್ಲಿ ಬಂದಿಗಳ ಅರ್ಜಿಗಳನ್ನು ಕೇಳಬಹುದೆಂದು ಕರ್ನಾಟಕದ್ದೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದುವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ನಾಲ್ವರು ಅದನ್ನು ಅಲ್ಲಗಳೆದರು, ಎಚ್. ಆರ್. ಖನ್ನಾ ಅವರೊಬ್ಬರು ಭಿನ್ನಮತವನ್ನು ಬರೆದರು. ಆ ತೀರ್ಪು ಸ್ಪಷ್ಟವಾಗಿ ಅಳಿದುದು 2017ರ ಆಗಸ್ಟ್ 24ರಂದು. ಆಗಿನ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅಲ್ಲಿ ಸ್ಥಳವನ್ನು ಬದಲಾಯಿಸಿ ಆಜ್ಞೆಯನ್ನು ತಪ್ಪಿಸಿದರು, ಇಲ್ಲಿ ಕಾಲವನ್ನು ಬದಲಾಯಿಸಿ.

2025ರ ಜನವರಿ 6ರಂದು ಅಮೆರಿಕಾದ ರಕ್ಷಣಾಖಾತೆಯು ಕೊಟ್ಟ ಲೆಕ್ಕದಂತೆ ಗ್ವಾಂಟಾನಾಮೊದಲ್ಲಿ ಉಳಿದಿದ್ದ ಆ ಕಾಲದ ಬಂದಿಗಳು 15 ಮಂದಿ. ಅವರಲ್ಲಿ ಇಬ್ಬರು ಸೈನಿಕ ಮಂಡಲಿಯಿಂದ ಶಿಕ್ಷಿತರು, ಏಳು ಮಂದಿಯ ಮೊಕದ್ದಮೆಗಳು ಅದೇ ಮಂಡಲಿಯಲ್ಲಿ ನಡೆಯುತ್ತಿದ್ದುವು, ಮೂವರನ್ನು ಬೇರೆ ದೇಶಕ್ಕೆ ಕಳುಹಿಸಬಹುದೆಂದು ನಿರ್ಣಯವಾಗಿತ್ತು. ಉಳಿದ ಮೂವರು ಆರೋಪಿಗಳೂ ಅಲ್ಲ, ಅಪರಾಧಿಗಳೂ ಅಲ್ಲ, ಬಂದಿಗಳು.