ಒಂದು ಸಣ್ಣ ಕಂಪೆನಿಯ ಏಳುಬೀಳು

ಊರಿಂದೂರಿಗೆ ಹೋಗುವ ಕಾಗದವು ನಡುದಾರಿಯ ಟಪಾಲು ಕಚೇರಿಗಳಲ್ಲಿ ವಿಂಗಡಣೆಯಾಗುವುದನ್ನು ವಾಚಕರೆಲ್ಲರೂ ಬಲ್ಲರು. ಅಂತರಜಾಲದಲ್ಲಿ ಹರಿಯುವ ಮಾತು, ಚಿತ್ರ, ಲೆಕ್ಕಪತ್ರಗಳೂ ಸಣ್ಣ ಪೊಟ್ಟಣಗಳಾಗಿ ಒಡೆದು ಇದೇ ರೀತಿ ವಿಂಗಡಣೆ ಹೊಂದುತ್ತವೆ. ಈ ಕಾರ್ಯವನ್ನು ನಡೆಯಿಸುವುದು ಸ್ವಿಚ್ಚೆಂಬ ಯಂತ್ರದೊಳಗಿನ, ಅಂಗೈಗಿಂತ ಚಿಕ್ಕದಾದ ಒಂದು ಚಿಪ್ಪು.

ಬಹುಕಾಲ ಆ ಚಿಪ್ಪಿಗೆ ತಯಾರಕರು ವಿಧಿಸಿದ ನಿಯಮವೇ ವೇದವಾಕ್ಯವಾಗಿದ್ದಿತು. ಕೊಂಡವರಿಗೆ ಹೊಸ ಕ್ರಮವೊಂದು ಬೇಕಾದರೆ ಮುಂದಿನ ಚಿಪ್ಪಿಗಾಗಿ ವರ್ಷಗಟ್ಟಲೆ ಕಾದಿರಬೇಕಾಗಿದ್ದಿತು. ನಿಯಮವನ್ನು ಬದಲಾಯಿಸಬಲ್ಲ ಚಿಪ್ಪು ವೇಗದಲ್ಲಿ ಹಿಂದೆ ಬೀಳುವುದೆಂಬುದೇ ತಜ್ಞರ ಸಾಮಾನ್ಯ ನಂಬಿಕೆ.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ನಿಕ್ ಮೆಕಿಯೋನ್ ಹಾಗೂ ಚಿಪ್ಪಿನ ವಿನ್ಯಾಸದಲ್ಲಿ ನುರಿತ ಪ್ಯಾಟ್ ಬಾಸ್‌ಹಾರ್ಟ್ ಮುಖ್ಯರು. ಕೊಂಡವರಿಗೆ ಈ ಸ್ವಾತಂತ್ರ್ಯವನ್ನು ಕೊಡುವುದಕ್ಕೆ ತೆರಬೇಕಾದ ಬೆಲೆ ಚಿಪ್ಪಿನ ವಿಸ್ತೀರ್ಣದಲ್ಲಿ ನೂರಕ್ಕೆ 15ಕ್ಕಿಂತಲೂ ಕಡಿಮೆಯೆಂದು ಇವರೂ ಇವರ ಸಹೋದ್ಯೋಗಿಗಳೂ 2013ರ ಪ್ರಬಂಧವೊಂದರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಬೇರ್‌ಫುಟ್ ನೆಟ್‌ವರ್ಕ್ಸ್ ಎಂಬ ಕಂಪೆನಿಯು ಹುಟ್ಟಿತು. ಬೇರ್‌ಫುಟ್ ಎಂದರೆ ಬರಿಗಾಲು. ಹೆಸರಿಗೆ ತಕ್ಕಂತೆ ಆರಂಭವೂ ಸಣ್ಣದೇ. ಚಿಪ್ಪನ್ನು ನಿರ್ದೇಶಿಸಲು ಬೇಕಾದ ಪಿ4 ಎಂಬ ಭಾಷೆಯನ್ನು ಇವರು ಇತರ ವಿದ್ವಾಂಸರೊಡಗೂಡಿ 2014ರಲ್ಲಿ ಪ್ರಕಟಿಸಿ, ಸರ್ವರ ಉಪಯೋಗಕ್ಕೂ ಬಿಟ್ಟುಕೊಟ್ಟರು.

2016ರಲ್ಲಿ ಟೊಫಿನೊ ಎಂಬ ಚಿಪ್ಪು ಲೋಕದ ಮುಂದೆ ಬಂದಿತು. ಸೆಕೆಂಡಿಗೆ 6.5 ಲಕ್ಷ ಕೋಟಿ ಬಿಟ್ಟುಗಳನ್ನು ಸಾಗಿಸುವ ಅದರ ಶಕ್ತಿಯು ಹಳೆಯ ನಂಬಿಕೆಗೆ ಪ್ರತ್ಯಕ್ಷ ಉತ್ತರವಾಯಿತು. ಸಿಸ್ಕೊ, ಅರಿಸ್ಟಾಗಳಂತಹ ದೊಡ್ಡ ಕಂಪೆನಿಗಳೂ ತಮ್ಮ ಕೆಲವು ಸ್ವಿಚ್ಚುಗಳಲ್ಲಿ ಅದನ್ನು ಅಳವಡಿಸಿಕೊಂಡವು.

2019ರಲ್ಲಿ ಇಂಟೆಲ್ ಸಂಸ್ಥೆಯು ಬೇರ್‌ಫುಟ್ಟನ್ನು ಕೊಂಡಿತು. ದೊಡ್ಡವರ ಆಶ್ರಯ ದೊರೆತ ಮೇಲೆ ಬಾಳಿಗೆ ಭದ್ರತೆ ಬಂದಿತೆಂದೇ ಹಲವರ ಭಾವನೆ. ಆದರೆ 2023ರ ಜನವರಿಯಲ್ಲಿ, ಖರ್ಚನ್ನು ತಗ್ಗಿಸುವ ಸಂದರ್ಭದಲ್ಲಿ, ಈ ಬಗೆಯ ಹೊಸ ಚಿಪ್ಪುಗಳಿಗೆ ಇನ್ನು ಹಣ ಹೂಡುವುದಿಲ್ಲವೆಂದು ಇಂಟೆಲ್ ಸಾರಿತು. ಟೊಫಿನೊವನ್ನು ನೆಚ್ಚಿ ಯಂತ್ರಗಳನ್ನು ಕಟ್ಟಿದವರೂ, ಸಂಶೋಧನೆಯನ್ನು ಕೈಗೊಂಡ ವಿಶ್ವವಿದ್ಯಾನಿಲಯದವರೂ ನಡುನೀರಿನಲ್ಲಿ ನಿಂತರು.

ಹೀಗಿದ್ದರೂ ಎಲ್ಲವೂ ಅಳಿಯಲಿಲ್ಲ. ಚಿಪ್ಪಿನ ವಂಶವು ನಿಂತಿತು, ಭಾಷೆ ಉಳಿಯಿತು. ಒಬ್ಬರ ಸೊತ್ತಾಗಿದ್ದುದು ಒಡೆಯನ ಮನಸ್ಸು ತಿರುಗಿದೊಡನೆ ಕೊನೆಗಂಡಿತು. ಹತ್ತು ಜನರ ಕೈಗೆ ಕೊಟ್ಟುದನ್ನು ಬೇರೆ ಕಂಪೆನಿಗಳು ತಮ್ಮ ಚಿಪ್ಪುಗಳಲ್ಲಿ ಬಳಸುತ್ತ ಬಂದಿವೆ. 2025ರಲ್ಲಿ ಇಂಟೆಲ್ ಸಹ ಟೊಫಿನೊ ಸಂಬಂಧವಾದ ಪಿ4 ತಂತ್ರಾಂಶವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು.

ಕಚೇರಿಗಳಿಗೂ ಬ್ಯಾಂಕುಗಳಿಗೂ ಯಂತ್ರಗಳನ್ನು ಕೊಳ್ಳುವ ಹೊಣೆ ಹೊತ್ತ ಅಧಿಕಾರಿಗಳು ಈ ವೃತ್ತಾಂತವನ್ನು ಮನನ ಮಾಡುವುದು ಒಳ್ಳೆಯದು. ಬೆಲೆಯೆಷ್ಟು, ವೇಗವೆಷ್ಟು ಎಂದು ಕೇಳಿದರಷ್ಟೇ ಸಾಲದು. ತಯಾರಕರು ನಾಳೆ ಕೈಬಿಟ್ಟರೆ ಇದನ್ನು ನಡೆಯಿಸಿಕೊಂಡು ಹೋಗುವ ವಿದ್ಯೆ ನಮ್ಮಲ್ಲಿ ಉಳಿಯುವುದೇ ಎಂಬುದನ್ನೂ ಕೇಳತಕ್ಕುದು.