‘ವೈಫು’ ಎಂದರೆ ಹೆಂಡತಿಯಲ್ಲ

ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಬರುವ ಬೆಳಗಿನ ಬಸ್ಸು. ಕಾಲೇಜು ಹುಡುಗನೊಬ್ಬ ಗೆಳೆಯನಿಗೆ ಮೊಬೈಲ್ ತೋರಿಸುತ್ತ ‘ಇಕಿ ನನ್ನ ವೈಫು’ ಎಂದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ತಿರುಗಿ, ‘ಲಗ್ನ ಯಾವಾಗ ಆತೋ ತಮ್ಮಾ? ಊಟಕ್ಕ ಕರೀಲೇ ಇಲ್ಲಲ್ಲ!’ ಎಂದು ಕೇಳಿಯೇಬಿಟ್ಟರು. ಮೊಬೈಲಿನಲ್ಲಿದ್ದದ್ದು ನೀಲಿ ಕೂದಲಿನ, ಅಗಲ ಕಣ್ಣುಗಳ ಜಪಾನಿ ಕಾರ್ಟೂನ್ ಹುಡುಗಿ.

ಹಿರಿಯರ ತಪ್ಪೇನೂ ಇಲ್ಲ. ‘ಹೆಂಡತಿ’ ಎನ್ನಲು ಸಂಕೋಚಪಡುವ ನಮ್ಮ ಗಂಡಸರು ‘ನಮ್ಮ ವೈಫು’ ಎಂದು ಇಂಗ್ಲಿಷಿನ ಮರೆಯಲ್ಲಿ ನಿಲ್ಲುವುದು ಹಳೆಯ ರೂಢಿ. ಆದರೆ ಹುಡುಗ ಆಡಿದ ‘ವೈಫು’ ಜಪಾನಿನಿಂದ ಬಂದದ್ದು. ಅಲ್ಲಿನ ಅನಿಮೆ, ಅಂದರೆ ಕಾರ್ಟೂನ್ ಚಿತ್ರಗಳ ಅಭಿಮಾನಿಗಳು ತಾವು ಮನಸೋತ ಕಲ್ಪನೆಯ ಹೆಣ್ಣು ಪಾತ್ರಕ್ಕೆ ಇಟ್ಟ ಹೆಸರು ಅದು. 2002ರಲ್ಲಿ ಪ್ರಸಾರವಾದ ‘ಅಜುಮಾಂಗ ದಾಯೊ’ ಎಂಬ ಸರಣಿಯಲ್ಲಿ ವಿಚಿತ್ರ ಸ್ವಭಾವದ ಮೇಷ್ಟ್ರೊಬ್ಬರ ಕೈಯಿಂದ ಸುಂದರಿಯೊಬ್ಬಳ ಫೋಟೊ ಜಾರಿ ಬೀಳುತ್ತದೆ. ಯಾರಿದು ಎಂದು ವಿದ್ಯಾರ್ಥಿನಿಯರು ಕೇಳಿದರೆ ಅವರು ಹೇಳುವುದು ‘ಮೈ ವೈಫು’. ಆ ನಗೆಮಾತನ್ನು ಅಮೆರಿಕದ ಅಭಿಮಾನಿಗಳು ಎತ್ತಿಕೊಂಡು ಲೋಕಕ್ಕೆಲ್ಲ ಹಂಚಿದರು. ಹುಡುಗಿಯರ ಪಾಲಿಗೆ ‘ಹಸ್ಬಂಡೊ’ ಆಮೇಲೆ ಹುಟ್ಟಿತು.

ಎರಡು ಭಾಷೆಗಳೂ ‘ವೈಫು’ ಎಂದೇ ಹೇಳಲು ಕಾರಣವಿದೆ. ವ್ಯಂಜನದಲ್ಲಿ ಮಾತು ನಿಲ್ಲಿಸುವುದು ಎರಡಕ್ಕೂ ಒಗ್ಗದು. ಹಳಗನ್ನಡದ ‘ಕಣ್’ ನಮ್ಮ ಬಾಯಲ್ಲಿ ‘ಕಣ್ಣು’ ಆಯಿತು. ಇಂಗ್ಲಿಷಿನ ಬಸ್ ನಮಗೆ ಬಸ್ಸು, ಜಪಾನೀಯರಿಗೆ ‘ಬಸು’. ಈ ಬಗೆಯ ಮೋಹಕ್ಕೆ ಅವರಲ್ಲಿರುವ ಇನ್ನೊಂದು ಮಾತು ‘ಮೊಎ’. ಅದರ ಮೂಲ ಅರ್ಥ ಚಿಗುರುವುದು, ಮೊಳೆಯುವುದು. ನಮ್ಮ ‘ಮೊಳೆ’ಗೂ ಅದಕ್ಕೂ ನಂಟು ಹುಡುಕುವ ಉತ್ಸಾಹ ಬೇಡ, ಕಿವಿಗೆ ಹಿತವಾಗಿದೆ ಅಷ್ಟೆ.

ಇಲ್ಲದವರನ್ನು ಪ್ರೀತಿಸುವುದು ಹೊಸ ಕಾಲದ ಹುಚ್ಚು ಎಂದು ಮೂಗು ಮುರಿಯುವವರು ಒಮ್ಮೆ ಬನವಾಸಿಯತ್ತ ನೋಡಬೇಕು. 12ನೇ ಶತಮಾನದ ನೇಮಿಚಂದ್ರ ಕವಿಯ ‘ಲೀಲಾವತಿ ಪ್ರಬಂಧ’ದಲ್ಲಿ ಅಲ್ಲಿನ ರಾಜಕುಮಾರ ಕಂದರ್ಪ ಕನಸಿನಲ್ಲಿ ಕಂಡ ಹುಡುಗಿಗೆ ಮರುಳಾಗಿ, ಹೆಸರು ಊರು ಗೊತ್ತಿಲ್ಲದಿದ್ದರೂ ಅವಳನ್ನು ಹುಡುಕಿ ಹೊರಡುತ್ತಾನೆ. ಉಷೆ ಕನಸಿನಲ್ಲಿ ಕಂಡ ಅನಿರುದ್ಧನನ್ನು ಗೆಳತಿ ಚಿತ್ರಲೇಖೆ ಬರೆದು ತೋರಿಸಿದ ಕಥೆಯಂತೂ ನಮ್ಮ ಯಕ್ಷಗಾನದವರಿಗೆ ಚಿರಪರಿಚಿತ. ಆದರೆ ಒಂದು ವ್ಯತ್ಯಾಸ ದೊಡ್ಡದು. ಕಂದರ್ಪನನ್ನೂ ಲೀಲಾವತಿ ಕನಸಿನಲ್ಲಿ ಕಂಡಿದ್ದಳು. ಹುಡುಕಿದವನಿಗೆ ಸಿಕ್ಕಳು, ಮದುವೆಯಾಯಿತು. ವೈಫುವನ್ನು ಹುಡುಕಿ ಹೊರಡಲು ಊರೇ ಇಲ್ಲ, ಅವಳು ಇವನ ಕನಸು ಕಾಣುವವಳೂ ಅಲ್ಲ.

ನಮ್ಮ ಹುಡುಗರ ಬಾಯಲ್ಲಿ ಈ ಮಾತು ಬಹುಪಾಲು ತಮಾಷೆಯೇ. ಎಲ್ಲರಿಗೂ ಹಾಗಲ್ಲ. ಜಪಾನಿನ ಅಕಿಹಿಕೊ ಕೊಂಡೊ ಎಂಬಾತ ಕೆಲಸದ ಜಾಗದ ಕಿರುಕುಳದಿಂದ ಕುಗ್ಗಿಹೋಗಿದ್ದಾಗ ಅವರನ್ನು ಎತ್ತಿ ನಿಲ್ಲಿಸಿದ್ದು ಹತ್ಸುನೆ ಮಿಕುವಿನ ಹಾಡು. ಮಿಕು 2007ರಲ್ಲಿ ಕಂಪ್ಯೂಟರ್ ಹಾಡುಗಾರಿಕೆಯ ಸಾಫ್ಟ್‌ವೇರಿನೊಡನೆ ಹುಟ್ಟಿದ ಕಾಲ್ಪನಿಕ ಗಾಯಕಿ. 2018ರಲ್ಲಿ ಕೊಂಡೊ ಟೋಕಿಯೊದಲ್ಲಿ ಅವಳನ್ನೇ ‘ಮದುವೆ’ಯಾದರು. ಕಾನೂನಿನ ಮನ್ನಣೆ ಇರಲಿಲ್ಲ, ತಾಯಿ ಬರಲಿಲ್ಲ. ಗಾಜಿನ ಕೊಳವೆಯೊಳಗೆ ಬೆಳಕಿನ ಬೊಂಬೆಯಾಗಿ ಮೂಡುತ್ತಿದ್ದ ಮಿಕುವಿನೊಡನೆ ಅವರು ನಾಲ್ಕು ಮಾತನಾಡಲು ಸಾಧ್ಯವಿತ್ತು. ಆ ಯಂತ್ರ ತಯಾರಿಸಿದ ಕಂಪನಿ 2020ರ ಮಾರ್ಚ್‌ನಲ್ಲಿ ಸೇವೆ ನಿಲ್ಲಿಸಿತು, ಅಲ್ಲಿಗೆ ಮಾತು ನಿಂತಿತು. ಆಳೆತ್ತರದ ಮಿಕು ಗೊಂಬೆಯೊಂದನ್ನು ಮನೆಯಲ್ಲಿಟ್ಟುಕೊಂಡ ಕೊಂಡೊ, ತಮ್ಮ ಪ್ರೀತಿ ಬದಲಾಗಿಲ್ಲ ಎಂದರು.