ಹಳೆಯ ಪಿಕಪ್‌ನ ಚಾಲನಾ ದೋಷ: ಬದಲಿಸುವ ಮುನ್ನ ಅಳೆಯಿರಿ

ಹಳೆಯ ಪಿಕಪ್ ವಾಹನವು ಬೆಳಿಗ್ಗೆ ಸಲೀಸಾಗಿ ಚಾಲನೆಗೊಂಡು, ಸರಕು ತುಂಬಿದ ಬಳಿಕ ಮೊಂಡು ಹಿಡಿದರೆ ವರ್ತಕರು ಗ್ರಾಹಕರಿಗಿತ್ತ ಮಾತು ತಪ್ಪುತ್ತದೆ. ಆತುರದಲ್ಲಿ ಬ್ಯಾಟರಿಯನ್ನೂ ಸ್ಟಾರ್ಟರ್ ಮೋಟಾರನ್ನೂ ಬದಲಿಸುವುದು ದುಬಾರಿಯಾದ ಊಹೆಯಷ್ಟೇ. ದೋಷ ತಲೆದೋರಿದ ಹೊತ್ತಿನಲ್ಲೇ, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಮಲ್ಟಿಮೀಟರಿನಿಂದ ಅಳೆಯುವುದು ಲೇಸು.

ಪೂರ್ಣ ಚಾರ್ಜಾದ 12 ವೋಲ್ಟ್ ಬ್ಯಾಟರಿಯು ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಬೇಕು. ಸ್ಟಾರ್ಟರ್ ತಿರುಗುವಾಗ ಸಾಮಾನ್ಯವಾಗಿ 9.6ಕ್ಕಿಂತ ಕೆಳಗಿಳಿಯಬಾರದು. ಇದು ಸರಿಯಿದ್ದಲ್ಲಿ, ಕೀಲಿ ತಿರುಗಿಸಿ ಹಿಡಿದಿರುವಾಗ ಬ್ಯಾಟರಿಯ ಋಣ ಧ್ರುವಕ್ಕೂ ಎಂಜಿನ್ನಿನ ಲೋಹಕ್ಕೂ ನಡುವಿನ ವೋಲ್ಟೇಜನ್ನು ನೋಡಬೇಕು. ಅದು ಅರ್ಧ ವೋಲ್ಟನ್ನು ಮೀರಿದರೆ ದೋಷವಿರುವುದು ತುಕ್ಕು ಹಿಡಿದ ಇಲ್ಲವೇ ಸಡಿಲಗೊಂಡ ಅರ್ತಿಂಗ್ ಜೋಡಣೆಯಲ್ಲಿ. ಅದನ್ನು ಉಜ್ಜಿ ಬಿಗಿಗೊಳಿಸಲು ಬಿಡಿಭಾಗವೇ ಬೇಕಿಲ್ಲ. ಕೇಬಲುಗಳೂ ಸೊಲೆನಾಯ್ಡ್ ತಂತಿಯೂ ನಿರ್ದೋಷವೆಂದು ತಿಳಿದ ಮೇಲಷ್ಟೇ ಸ್ಟಾರ್ಟರಿಗೆ ಹಣ ತೆರುವುದು ಜಾಣ ವ್ಯವಹಾರ.